ಅಪ್ಪನ ಗಾಡಿ, ಆರಡಿ ಮಗ: ಹಳೆ ಬೈಕಿನಲ್ಲಿ ಮಂಡಿ, ಸೊಂಟ ಉಳಿಸಿಕೊಳ್ಳುವುದು ಹೇಗೆ?

ತಾಲ್ಲೂಕಿನ ಯಾವ ಬೀದಿಗೆ ಹೋದರೂ ಒಂದಾದರೂ ಹಳೆ ಸ್ಪ್ಲೆಂಡರ್, ಸಿಡಿ 100, ಆರ್‌ಎಕ್ಸ್ 100 ಇಲ್ಲವೇ ಯೆಜ್ಡಿ ಕಣ್ಣಿಗೆ ಬೀಳುತ್ತದೆ. ಇಂಜಿನ್ ಇನ್ನೂ ಗಟ್ಟಿ, ಪಾರ್ಟ್ಸ್ ಸಿಗುತ್ತದೆ, ಸಾಲದ ಕಂತಿಲ್ಲ. ಹಾಗಾಗಿ ಅಪ್ಪ ಓಡಿಸಿದ ಗಾಡಿ ಈಗ ಮಗನ ಕೈಗೆ ಬಂದಿದೆ. ತೊಂದರೆ ಒಂದೇ. ಅಪ್ಪ ಐದೂವರೆ ಅಡಿ, ಮಗ ಆರಡಿ.

ಬೆಳಗ್ಗೆ ಹಾಲಿನ ಕ್ಯಾನ್, ಆಮೇಲೆ ಎಪಿಎಂಸಿ, ಸಂಜೆ ಅಂಗಡಿ ಸಾಮಾನು ಅಂತ ದಿನಕ್ಕೆ 30–40 ಕಿಲೋಮೀಟರ್ ಓಡಾಡುವವರಿಗೆ ಈ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಮಂಡಿ ಮುಂದೆ ನೋವು, ಸೊಂಟ ಹಿಡಿದುಕೊಳ್ಳುವುದು, ಮಣಿಕಟ್ಟು ಜೋಮು ಹಿಡಿಯುವುದು. ಎಷ್ಟೋ ಜನ 'ಗಾಡಿ ಹಳೇದಾಯ್ತು, ಮಾರೋಣ' ಅಂತ ತೀರ್ಮಾನ ಮಾಡುತ್ತಾರೆ. ಗಾಡಿ ಸವೆದಿದೆಯೋ, ಇಲ್ಲಾ ಸವಾರನ ಅಳತೆಗೆ ಕೂತಿಲ್ಲವೋ ಎಂಬುದನ್ನು ಮೊದಲು ನೋಡಬೇಕು. ಎರಡನೆಯದ್ದಾದರೆ ಸೀಟು ಅಂಗಡಿ ಮತ್ತು ಗ್ಯಾರೇಜಿನ ಒಂದೆರಡು ದಿನದ ಕೆಲಸದಲ್ಲಿ ಬಹಳಷ್ಟು ಸರಿಹೋಗುತ್ತದೆ. ಆದರೆ ಕೆಲಸದ ಸರದಿ ಮುಖ್ಯ.

ಹ್ಯಾಂಡಲ್ ಮೊದಲಲ್ಲ, ಮಂಡಿ ಮೊದಲು

ಎತ್ತರದವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಹ್ಯಾಂಡಲ್‌ಗೆ. ಬೇರೆ ಹ್ಯಾಂಡಲ್ ಅಗ್ಗಕ್ಕೆ ಸಿಗುತ್ತದೆ, ನೋಡೋಕೂ ಚೆಂದ. ಒಂದು ವಾರ ಆದಮೇಲೆ ಬೆನ್ನು ಸ್ವಲ್ಪ ಹಗುರ, ಮಂಡಿ ನೋವು ಮಾತ್ರ ಹಾಗೇ ಇರುತ್ತದೆ.

ಕಾರಣ ಸುಲಭ. ಮಂಡಿ ಎಷ್ಟು ಮಡಚುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಸೀಟಿಗೂ ಫುಟ್‌ರೆಸ್ಟಿಗೂ ನಡುವಿನ ಅಂತರ. ಹ್ಯಾಂಡಲ್ ಎಲ್ಲಿದ್ದರೂ ಆ ಅಂತರ ಬದಲಾಗುವುದಿಲ್ಲ. ಇನ್ನೊಂದು ವಿಷಯ: ಸೀಟನ್ನು ಒಂದು ಇಂಚು ಎತ್ತರಿಸಿದರೆ, ಕೂತವರ ಲೆಕ್ಕಕ್ಕೆ ಹ್ಯಾಂಡಲ್ ಒಂದು ಇಂಚು ಕೆಳಗೆ ಹೋದಂತೆ. ಮೊದಲು ಹ್ಯಾಂಡಲ್ ಹಾಕಿಸಿ ಆಮೇಲೆ ಸೀಟು ಎತ್ತರಿಸಿದರೆ ಹ್ಯಾಂಡಲ್ ಕೆಲಸ ಮತ್ತೆ ಮಾಡಬೇಕಾಗುತ್ತದೆ. ಆದ್ದರಿಂದ ಮೊದಲು ಸೀಟು, ಆಮೇಲೆ ಹ್ಯಾಂಡಲ್, ಕೊನೆಗೆ ಲಿವರ್‌ಗಳು. ಈ ಸರದಿ ಹಿಡಿದರೆ ದುಡ್ಡು ಒಂದೇ ಸಲ ಖರ್ಚಾಗುತ್ತದೆ.

ಒಂದು ಫೋಟೊ, ಒಂದು ಟೇಪು

ಗ್ಯಾರೇಜಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡು, ಹೆಲ್ಮೆಟ್ ಧರಿಸಿ ಸವಾರ ಎಂದಿನಂತೆ ಕೂರಬೇಕು. ಮನೆಯವರೊಬ್ಬರು ಪಕ್ಕದಿಂದ, ಸೀಟಿನ ಮಟ್ಟದಲ್ಲಿ ಮೊಬೈಲ್ ಹಿಡಿದು ಫೋಟೊ ತೆಗೆಯಬೇಕು.

ಫೋಟೊದಲ್ಲಿ ನೋಡಬೇಕಾದ್ದು ಮೂರು. ಮಂಡಿ ಪುಸ್ತಕದ ಮೂಲೆಯಂತೆ ನೇರ ಕೋನದಲ್ಲಿದೆಯಾ, ಅದಕ್ಕಿಂತ ಹೆಚ್ಚು ಮಡಚಿದೆಯಾ? ಹೆಚ್ಚು ಮಡಚಿದ್ದರೆ ಸೀಟು ತಗ್ಗು ಅಂತ ಅರ್ಥ. ಬೆನ್ನು ಬಿಲ್ಲಿನಂತೆ ಬಾಗಿದೆಯಾ? ಮೊಣಕೈ ಸ್ವಲ್ಪ ಬಾಗಿ ಸಡಿಲವಾಗಿದೆಯಾ, ಅಥವಾ ಹೊಟ್ಟೆಗೆ ಒತ್ತಿಕೊಂಡಿದೆಯಾ?

ಕೂತಲ್ಲೇ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಬೇಕು. ಹ್ಯಾಂಡಲ್ ಅಥವಾ ಕೈ ಮಂಡಿಗೆ ತಗಲುತ್ತಿದ್ದರೆ ಅದು ಬರೀ ನೋವಿನ ಪ್ರಶ್ನೆ ಅಲ್ಲ. ಸಂತೆ ದಿನ ಕಿರಿದಾದ ರಸ್ತೆಯಲ್ಲಿ ಯು-ಟರ್ನ್ ತೆಗೆದುಕೊಳ್ಳುವಾಗ ಹ್ಯಾಂಡಲ್ ಅರ್ಧಕ್ಕೇ ನಿಂತು ಗಾಡಿ ವಾಲುತ್ತದೆ. ಹಿಂದೆ ಹೆಂಡತಿ, ಮಗು ಕೂತಿದ್ದರೆ ಕೇಳುವುದೇ ಬೇಡ.

ಸೀಟಿನಲ್ಲಿ ಕೂರುವ ಜಾಗದಿಂದ ಫುಟ್‌ರೆಸ್ಟ್ ರಬ್ಬರಿನ ಮೇಲ್ಭಾಗಕ್ಕೆ ಟೇಪಿನಲ್ಲಿ ಅಳೆದು ಬರೆದಿಟ್ಟುಕೊಂಡರೆ, ಕೆಲಸ ಆದಮೇಲೆ ಎಷ್ಟು ಬದಲಾಯಿತು ಅಂತ ಲೆಕ್ಕ ಸಿಗುತ್ತದೆ.

ಸೀಟು: ಮೊದಲು ಟವೆಲ್ಲು, ಆಮೇಲೆ ಫೋಮು

ಹದಿನೈದು ಇಪ್ಪತ್ತು ವರ್ಷ ಓಡಿದ ಗಾಡಿಯ ಸೀಟಿನಲ್ಲಿ ಫೋಮ್ ಕುಸಿದಿರುತ್ತದೆ. ಮೇಲಿನ ರೆಕ್ಸಿನ್ ಹೊಸದಾಗಿ ಹೊಳೆಯುತ್ತಿದ್ದರೂ ಒಳಗೆ ಹಳ್ಳ ಬಿದ್ದಿರುತ್ತದೆ. ಕೂತಾಗ ಕೆಳಗಿನ ತಗಡು ತಗಲಿದಂತೆ ಆದರೆ ಫೋಮ್ ಸತ್ತಿದೆ ಎಂದೇ ಅರ್ಥ. ಇಂಥ ಸೀಟಿಗೆ ಒಳ್ಳೆ ಫೋಮ್ ಹಾಕಿದರೆ ಸಾಕು, ಕಂಪನಿ ಕೊಟ್ಟ ಎತ್ತರವೇ ವಾಪಸ್ ಬರುತ್ತದೆ.

ಅದರ ಮೇಲೂ ಬೇಕಾದರೆ ಒಂದರಿಂದ ಎರಡು ಇಂಚು ಹೆಚ್ಚಿಸಬಹುದು. ಎಷ್ಟು ಬೇಕು ಅಂತ ಗೊತ್ತಾಗುವುದು ಓಡಿಸಿದಾಗಲೇ. ಅದಕ್ಕೆ ಮೊದಲು ಹಳೆ ರಬ್ಬರ್ ಮ್ಯಾಟ್ ಅಥವಾ ದಪ್ಪ ಟವೆಲ್ಲನ್ನು ಮಡಚಿ, ಜಾರದಂತೆ ಸೀಟಿಗೆ ಬಿಗಿಯಾಗಿ ಕಟ್ಟಿ ನಾಲ್ಕೈದು ದಿನ ಓಡಿಸಿ ನೋಡುವುದು ಒಳ್ಳೆಯದು. ಮಂಡಿಗೆ ಆರಾಮ ಅನ್ನಿಸಿದ ಮಡಿಕೆಯ ದಪ್ಪವನ್ನು ಕೂತಾಗಲೇ ಅಳೆದು ಸೀಟು ಅಂಗಡಿಯವರಿಗೆ ಹೇಳಬಹುದು. ಕಟ್ಟಿದ ಬಟ್ಟೆಯ ತುದಿ ಚೈನಿಗೋ ಚಕ್ರಕ್ಕೋ ಇಳಿಯದಂತೆ ನೋಡಿಕೊಳ್ಳಬೇಕು.

ಸೀಟು ಅಂಗಡಿಯಲ್ಲಿ ಹೇಳಬೇಕಾದ ಮಾತು ಎರಡು. ಒಂದು, ಕೆಳಗೆ ಗಟ್ಟಿ ರೀಬಾಂಡೆಡ್ ಫೋಮ್, ಮೇಲೆ ತೆಳುವಾಗಿ ಮೆತ್ತನೆ ಫೋಮ್ ಇರಲಿ. ಪೂರ್ತಿ ಮೆತ್ತನೆಯದು ಹಾಕಿದರೆ ಅಂಗಡಿಯಲ್ಲಿ ಸೋಫಾ ಥರ ಇರುತ್ತದೆ, ಕೆಲವೇ ತಿಂಗಳಲ್ಲಿ ಮತ್ತೆ ಕುಸಿಯುತ್ತದೆ. ಎರಡು, ಟ್ಯಾಂಕಿನ ಕಡೆಗೆ ಇಳಿಜಾರು ಇರಬಾರದು. ಇಳಿಜಾರಿದ್ದರೆ ಪ್ರತಿ ಬ್ರೇಕಿಗೂ ಸವಾರ ಮುಂದಕ್ಕೆ ಜಾರಿ ಮಂಡಿ ಮತ್ತೆ ಮಡಚುತ್ತದೆ. ಸೀಟು ಸಮತಟ್ಟಾಗಿದ್ದರೆ ಎತ್ತರದವರು ಎರಡು ಇಂಚು ಹಿಂದೆ ಸರಿದು ಕೂರಬಹುದು. ಹಿಂದೆ ಕೂರುವವರಿಗೆ ಜಾಗ ಉಳಿಯುತ್ತದಾ ಅನ್ನುವುದನ್ನೂ ಆಗಲೇ ನೋಡಿಕೊಳ್ಳಬೇಕು.

ಕೆಲವರು ಫೋಮ್ ಖರ್ಚು ಯಾಕೆ ಅಂತ ಸೀಟಿನ ಬೋಲ್ಟಿನ ಕೆಳಗೆ ವಾಷರ್ ಜೋಡಿಸಿ ಎತ್ತರಿಸುತ್ತಾರೆ. ಸೀಟಿನ ತಳ ಫ್ರೇಮಿನ ಮೇಲೆ ರಬ್ಬರ್ ಬುಷ್‌ಗಳ ಆಧಾರದಲ್ಲಿ ಕೂರಬೇಕು. ಆ ಆಧಾರ ತಪ್ಪಿ ಇಡೀ ಭಾರ ಬೋಲ್ಟಿನ ಮೇಲೆ ಬಿದ್ದರೆ ತಳದ ತಗಡು ಸೀಳುತ್ತದೆ.

ಮನೆಯಲ್ಲಿ ಇನ್ನೊಬ್ಬರೂ ಓಡಿಸ್ತಾರಾ?

ಇದನ್ನು ಕೇಳದೆ ಸೀಟು ಎತ್ತರಿಸಬಾರದು. ಸ್ಪ್ಲೆಂಡರ್ ಪ್ಲಸ್ ಸೀಟಿನ ಎತ್ತರ 785 ಮಿಲಿಮೀಟರ್. ಎರಡು ಇಂಚು ಸೇರಿಸಿದರೆ ಅದು ಸುಮಾರು 835 ಆಗುತ್ತದೆ. ಆರಡಿಯವರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಅದೇ ಗಾಡಿಯನ್ನು ಐದು ಅಡಿ ಮೂರಿಂಚಿನ ತಮ್ಮನೋ, ಅಂಗಡಿ ಹುಡುಗನೋ ಓಡಿಸಿದರೆ ಸಿಗ್ನಲ್‌ನಲ್ಲಿ, ಕೆಸರಲ್ಲಿ ತುದಿಗಾಲಲ್ಲೇ ನಿಲ್ಲಬೇಕಾಗುತ್ತದೆ. ಹಿಂದೆ ಕ್ಯಾನೋ ಮೂಟೆಯೋ ಇದ್ದರೆ ಗಾಡಿ ಬೀಳುವುದು ಇಂಥ ಹೊತ್ತಲ್ಲೇ.

ಇಬ್ಬರೂ ಓಡಿಸುವ ಮನೆಯಲ್ಲಿ ಒಂದು ಇಂಚಿಗೆ ನಿಲ್ಲಿಸುವುದು ಉತ್ತಮ. ಇಲ್ಲವಾದರೆ ಹಳೆ ಸೀಟನ್ನು ಹಾಗೇ ಇಟ್ಟುಕೊಂಡು, ಸೆಕೆಂಡ್ ಹ್ಯಾಂಡ್ ಸೀಟೊಂದನ್ನು ತಂದು ಅದಕ್ಕೆ ಫೋಮ್ ಹಾಕಿಸಬಹುದು. ಬೇಕಾದಾಗ ಬದಲಾಯಿಸಬಹುದು. ಆರ್‌ಎಕ್ಸ್ 100, ಯೆಜ್ಡಿ ಇದ್ದವರಿಗಂತೂ ಇದೇ ದಾರಿ. ಆರ್‌ಎಕ್ಸ್ 100 ತಯಾರಿಕೆ 1996ರಲ್ಲೇ ಮುಗಿಯಿತು. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಇಂಥ ಗಾಡಿಗೆ ಬೆಲೆ ಬರುವುದೇ ಒರಿಜಿನಲ್ ಪಾರ್ಟ್ಸ್‌ನಿಂದ. ಒರಿಜಿನಲ್ ಸೀಟನ್ನು ಕತ್ತರಿಸಿದರೆ ಆ ಬೆಲೆಯನ್ನೇ ಕತ್ತರಿಸಿದಂತೆ.

ಹ್ಯಾಂಡಲ್: ಹೊಸದು ತರುವ ಮುಂಚೆ ಇರುವುದನ್ನು ತಿರುಗಿಸಿ

ಸೀಟು ಮುಗಿದ ಮೇಲೆ ಹ್ಯಾಂಡಲ್ ಸರದಿ. ಹಳೆ ಗಾಡಿಗಳಲ್ಲಿ ಹ್ಯಾಂಡಲ್ ಪೈಪನ್ನು ಎರಡು ಕ್ಲಾಂಪ್, ನಾಲ್ಕು ಬೋಲ್ಟು ಹಿಡಿದಿರುತ್ತವೆ. ವರ್ಷಗಳಲ್ಲಿ ಎಲ್ಲೋ ಬಿದ್ದು ಎದ್ದು ಹ್ಯಾಂಡಲ್ ಸವಾರನ ಕಡೆಗೆ ತಿರುಗಿಕೊಂಡಿರುತ್ತದೆ. ಬೋಲ್ಟು ಸಡಿಲಿಸಿ ಸ್ವಲ್ಪ ಮುಂದಕ್ಕೆ, ಮೇಲಕ್ಕೆ ತಿರುಗಿಸಿದರೆ ಎತ್ತರದವರಿಗೆ ಮಂಡಿ ಮತ್ತು ಹ್ಯಾಂಡಲ್ ನಡುವೆ ಜಾಗ ಸಿಗುತ್ತದೆ. ಖರ್ಚೇನೂ ಇಲ್ಲ. ತಿರುಗಿಸುವ ಮುಂಚೆ ಹಳೆ ಜಾಗಕ್ಕೆ ಮಾರ್ಕರ್‌ನಲ್ಲಿ ಗೆರೆ ಹಾಕಿಟ್ಟರೆ ಬೇಡವಾದಾಗ ವಾಪಸ್ ತರುವುದು ಸುಲಭ.

ಇಷ್ಟರಲ್ಲಿ ಸಾಲದಿದ್ದರೆ ಎತ್ತರದ ಹ್ಯಾಂಡಲ್ ಅಥವಾ ಕ್ಲಾಂಪ್ ಕೆಳಗೆ ಕೂರಿಸುವ ರೈಸರ್ ನೋಡಬಹುದು. 100 ಸಿಸಿ ಗಾಡಿಗಳಲ್ಲಿ ಹ್ಯಾಂಡಲ್ ಪೈಪಿನ ದಪ್ಪ ಸಾಮಾನ್ಯವಾಗಿ 22 ಮಿಲಿಮೀಟರ್. ಕಣ್ಣಂದಾಜಿನಲ್ಲಿ ತರದೆ ಅಳೆದೇ ತರಬೇಕು. ದಪ್ಪ ಹೊಂದದ ಪೈಪನ್ನು ಕ್ಲಾಂಪ್ ಒಳಗೆ ತಗಡಿನ ತುಂಡು ಇಟ್ಟು ಬಿಗಿಯುವ ಪದ್ಧತಿ ಅಪಾಯದ್ದು. ಹಳ್ಳಕ್ಕೆ ಇಳಿದಾಗ, ಜೋರಾಗಿ ಬ್ರೇಕ್ ಹಿಡಿದಾಗ ಹ್ಯಾಂಡಲ್ ತಿರುಗಿಬಿಡುತ್ತದೆ. ಬಾಗಿದ ಅಥವಾ ತುಕ್ಕು ತಿಂದ ಹಳೆ ಹ್ಯಾಂಡಲನ್ನು ಬೆಂಕಿಯಲ್ಲಿ ಕಾಯಿಸಿ ಬೇರೆ ಆಕಾರಕ್ಕೆ ತರುವುದೂ ಬೇಡ.

ಕೇಬಲ್ ಪರೀಕ್ಷೆ ತಪ್ಪಿಸಬಾರದು

ಹ್ಯಾಂಡಲ್ ಜಾಗ ಬದಲಾದರೆ ಆಕ್ಸಿಲರೇಟರ್, ಕ್ಲಚ್, ಮುಂದಿನ ಬ್ರೇಕ್ ಕೇಬಲ್‌ಗಳು ಎಳೆದುಕೊಳ್ಳುತ್ತವೆ. ಸ್ವಿಚ್‌ನಿಂದ ಹೆಡ್‌ಲೈಟಿಗೆ ಹೋಗುವ ವೈರುಗಳೂ ಅಷ್ಟೇ. ಗ್ಯಾರೇಜಿನಲ್ಲೇ ಎರಡು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇದೆ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಬೇಕು. ಇಂಜಿನ್ ಸದ್ದು ಸ್ವಲ್ಪ ಏರಿದರೂ ಕೇಬಲ್ ಚಿಕ್ಕದಾಗಿದೆ ಅಂತ ಅರ್ಥ. ಅದೇ ಗಾಡಿಯನ್ನು ರಸ್ತೆಗೆ ತಂದರೆ ತಿರುವಿನಲ್ಲಿ ತಾನಾಗೇ ವೇಗ ಏರುತ್ತದೆ. ಎರಡೂ ತುದಿಯಲ್ಲಿ ಕ್ಲಚ್ ಮತ್ತು ಬ್ರೇಕ್ ಲಿವರ್ ಒತ್ತಿ ನೋಡಬೇಕು. ನೇರ ಇದ್ದಾಗ ಇದ್ದ ಸಡಿಲ ಅಲ್ಲೂ ಇರಬೇಕು. ಇಲ್ಲದಿದ್ದರೆ ಕೇಬಲ್ ಹೋಗುವ ದಾರಿ ಬದಲಿಸಬೇಕು ಅಥವಾ ಉದ್ದದ ಕೇಬಲ್ ಹಾಕಿಸಬೇಕು. 'ಓಡ್ತಾ ಓಡ್ತಾ ಸರಿಹೋಗುತ್ತೆ' ಅನ್ನುವ ಮಾತಿಗೆ ಒಪ್ಪಬಾರದು. ಕೇಬಲ್ ತಾನಾಗೇ ಉದ್ದ ಆಗುವುದಿಲ್ಲ.

ಕೈ ಲಿವರ್, ಕಾಲು ಲಿವರ್

ಹ್ಯಾಂಡಲ್ ತಿರುಗಿಸಿದಾಗ ಲಿವರ್‌ಗಳೂ ಅದರ ಜೊತೆಗೇ ತಿರುಗಿರುತ್ತವೆ. ಲಿವರ್ ಹಿಡಿದಿರುವ ಬೋಲ್ಟು ಸಡಿಲಿಸಿ, ಕೂತು ಬೆರಳು ಚಾಚಿದಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಬರುವಂತೆ ಹೊಂದಿಸಬೇಕು. ಮಣಿಕಟ್ಟು ಮೇಲಕ್ಕೆ ಮುರಿದಂತೆ ಇದ್ದರೆ ಜೋಮು ಖಂಡಿತ. ಬಹಳಷ್ಟು ಗಾಡಿಗಳಲ್ಲಿ ಕನ್ನಡಿಗಳು ಇದೇ ಲಿವರ್ ಹೋಲ್ಡರ್ ಮೇಲೆ ಕೂತಿರುವುದರಿಂದ ಅವನ್ನೂ ಮತ್ತೆ ಹೊಂದಿಸಬೇಕು.

ಎತ್ತರದವರಿಗೆ ಪಾದವೂ ದೊಡ್ಡದು. ಹತ್ತು, ಹನ್ನೊಂದು ನಂಬರ್ ಶೂ ಹಾಕುವವರ ಪಾದ ಸ್ಪ್ಲೆಂಡರ್ ಥರದ ಗಾಡಿಯ ಹಿಮ್ಮಡಿ-ಮುಂಗಾಲು ಗೇರ್ ಲಿವರ್ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಈ ಲಿವರ್ ಹಲ್ಲುಗಳಿರುವ ಶಾಫ್ಟಿನ ಮೇಲೆ ಕೂತಿರುತ್ತದೆ. ಬೋಲ್ಟನ್ನು ಪೂರ್ತಿ ಬಿಚ್ಚಿ, ಲಿವರ್ ಹೊರಗೆಳೆದು ಒಂದು ಹಲ್ಲು ತಿರುಗಿಸಿ ಕೂರಿಸಿದರೆ ಮುಂಗಾಲಿಗೆ ಜಾಗ ಸಿಗುತ್ತದೆ. ಮುಂದಿನ ತುದಿ ಏರಿದಷ್ಟು ಹಿಂದಿನ ತುದಿ ಇಳಿಯುತ್ತದೆ. ಅದು ಫುಟ್‌ರೆಸ್ಟಿಗೋ ಇಂಜಿನ್ ಕವರಿಗೋ ತಗಲದಂತೆ ನೋಡಿ ಎಲ್ಲ ಗೇರೂ ಬೀಳುತ್ತವಾ ಅಂತ ಪರೀಕ್ಷಿಸಬೇಕು. ಯೆಜ್ಡಿಯಲ್ಲಿ ಮಾತ್ರ ಗೇರ್ ಲಿವರೇ ಕಿಕ್ಕರ್ ಕೂಡ. ಅಲ್ಲಿ ಆ ಗಾಡಿ ಗೊತ್ತಿರುವ ಮೆಕ್ಯಾನಿಕ್ ಇಲ್ಲದೆ ಕೈಹಾಕಬಾರದು.

ಬ್ರೇಕ್ ಪೆಡಲ್ ಮುಂಗಾಲಿಗೆ ಸಲೀಸಾಗಿ ಸಿಗಬೇಕು. ಪಾದ ಫುಟ್‌ರೆಸ್ಟ್ ಬಿಟ್ಟು ಮೇಲೇಳುವಂತೆ ಇರಬಾರದು. ಹೀರೋ ಹೋಂಡಾ ಗಾಡಿಗಳಲ್ಲಿ ಹಿಂದಿನ ಬ್ರೇಕ್ ಪೆಡಲ್ ಸಡಿಲ ಸಾಮಾನ್ಯವಾಗಿ 20–30 ಮಿಲಿಮೀಟರ್, ಕ್ಲಚ್ ಲಿವರ್ ತುದಿಯಲ್ಲಿ 10–20 ಮಿಲಿಮೀಟರ್ ಇರಬೇಕು. ಪೆಡಲ್ ಎತ್ತರ ಬದಲಾಯಿಸಿದರೆ ಹಿಂದಿನ ಬ್ರೇಕ್ ಲೈಟಿನ ಸ್ವಿಚ್ಚನ್ನೂ ಹೊಂದಿಸಬೇಕು. ಇಲ್ಲದಿದ್ದರೆ ಲೈಟು ಸದಾ ಉರಿಯುತ್ತದೆ, ಅಥವಾ ಉರಿಯುವುದೇ ಇಲ್ಲ. ಹಿಂದೆ ಬರುವ ಲಾರಿಯವನಿಗೆ ಎರಡೂ ಒಂದೇ.

ಹಿಂದಿನ ಶಾಕ್ ಕೂತಿದೆಯಾ?

ಹಿಂದಿನ ಶಾಕ್ ಅಬ್ಸಾರ್ಬರ್ ಸ್ಪ್ರಿಂಗ್ ಸೋತಿದ್ದರೆ ಸವಾರ ಕೂತ ಕೂಡಲೇ ಗಾಡಿಯ ಹಿಂಭಾಗ ಇಳಿಯುತ್ತದೆ. ಸೀಟಿಗೆ ಹಾಕಿದ ಫೋಮಿನ ಲಾಭ ಅರ್ಧ ಅಲ್ಲೇ ಹೋಗುತ್ತದೆ. ಸ್ಪ್ಲೆಂಡರ್‌ನಂಥ ಗಾಡಿಯಲ್ಲಿ ಸ್ಪ್ರಿಂಗ್ ಬಿಗಿ ಹೊಂದಿಸಲು ಐದು ಹಂತದ ಮೆಟ್ಟಿಲು ಇರುತ್ತದೆ. ಎರಡೂ ಕಡೆ ಒಂದೇ ಹಂತಕ್ಕೆ, ಸವಾರನ ತೂಕ ಮತ್ತು ಹೊರೆಗೆ ತಕ್ಕಂತೆ ಏರಿಸಬಹುದು. ಎಣ್ಣೆ ಸೋರುತ್ತಿದ್ದರೆ ಶಾಕ್ ಜೋಡಿಯನ್ನೇ ಬದಲಿಸಬೇಕು. ಹಿಂಭಾಗ ಏರಿದರೆ ಹೆಡ್‌ಲೈಟ್ ಬೆಳಕು ನೆಲಕ್ಕೆ ಇಳಿಯುತ್ತದೆ. ರಾತ್ರಿ ಗೋಡೆಗೆ ಬಿಟ್ಟು ನೋಡಿ ಅದನ್ನೂ ಸರಿಮಾಡಿಕೊಳ್ಳಬೇಕು.

ಇವು ಬೇಡ

* ಶಾಕ್ ಕೆಳಗೆ ಪಟ್ಟಿ ಜೋಡಿಸಿ ಗಾಡಿ ಎತ್ತರಿಸುವುದು. ಹಿಂಭಾಗ ಅತಿಯಾಗಿ ಎದ್ದರೆ ಹ್ಯಾಂಡಲ್ ಹಿಡಿತದ ಸ್ವಭಾವವೇ ಬದಲಾಗುತ್ತದೆ, ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಮಲಗಿದಂತೆ ವಾಲುತ್ತದೆ, ಸೆಂಟರ್ ಸ್ಟ್ಯಾಂಡಿನಲ್ಲಿ ಚಕ್ರ ನೆಲ ಬಿಡುವುದಿಲ್ಲ.
* ಫುಟ್‌ರೆಸ್ಟ್ ಕತ್ತರಿಸಿ ಕೆಳಗೆ ವೆಲ್ಡಿಂಗ್ ಮಾಡಿಸುವುದು. ಮಂಡಿಗೆ ಜಾಗ ಸಿಗುತ್ತದೆ ನಿಜ. ಆದರೆ ಹಂಪ್ ಮತ್ತು ತಿರುವಿನಲ್ಲಿ ಅದು ನೆಲಕ್ಕೆ ತಗಲುತ್ತದೆ, ಬ್ರೇಕ್ ಪೆಡಲ್ ಕಾಲಿಗೆ ಎಟುಕದೆ ಮೇಲೆ ಉಳಿಯುತ್ತದೆ.
* ಲೆಗ್ ಗಾರ್ಡ್ ಮೇಲೆ ಕಾಲು ಚಾಚಿ ಓಡಿಸುವುದು. ಮಂಡಿಗೆ ಸುಖ, ಆದರೆ ನಾಯಿ ಅಡ್ಡ ಬಂದಾಗ ಬ್ರೇಕ್‌ಗೆ ಕಾಲು ತರುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಆರ್‌ಟಿಒ ಏನನ್ನುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾಲೀಕರು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿ ಇಲ್ಲದೆ ಮಾಡಿದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ವಿಧಿಸಲು ಅವಕಾಶವಿದೆ.

ಕುಸಿದ ಸೀಟಿಗೆ ಫೋಮ್ ಹಾಕಿಸುವುದು, ಇರುವ ಹ್ಯಾಂಡಲ್ ಮತ್ತು ಲಿವರ್ ಹೊಂದಿಸುವುದು ರಿಪೇರಿ ಕೆಲಸ. ಫ್ರೇಮ್ ಕತ್ತರಿಸುವುದು, ಎರಡು ಸೀಟಿನ ಗಾಡಿಯನ್ನು ಒಂದು ಸೀಟು ಮಾಡುವುದು ಬೇರೆ ಮಾತು. ಬೇರೆ ಹ್ಯಾಂಡಲ್ ಅಥವಾ ರೈಸರ್ ಹಾಕಿಸುವವರು ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಇದು ಹಳೆ ಗಾಡಿಯವರಿಗೆ ಇನ್ನೂ ಮುಖ್ಯ. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಹೀರೋ ಮತ್ತು ಹೋಂಡಾ ಬೇರೆಯಾಗಿ ಕಂಪನಿಯ ಹೆಸರು ಹೀರೋ ಮೋಟೊಕಾರ್ಪ್ ಆದದ್ದು 2011ರಲ್ಲಿ. ಟ್ಯಾಂಕಿನ ಮೇಲೆ ಇನ್ನೂ 'ಹೀರೋ ಹೋಂಡಾ' ಅಂತ ಇರುವವರು ಆರ್‌ಸಿ ತೆಗೆದು ತಾರೀಕು ನೋಡಿಕೊಳ್ಳುವುದು ಒಳ್ಳೆಯದು. ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕಾಗುತ್ತದೆ. ಬಿಚ್ಚಿದ ಒರಿಜಿನಲ್ ಹ್ಯಾಂಡಲ್, ಸೀಟು, ಕೇಬಲ್‌ಗಳನ್ನು ಗುಜರಿಗೆ ಹಾಕದೆ ಅಟ್ಟದ ಮೇಲೆ ಇಟ್ಟಿದ್ದರೆ ಆಗ ಕೆಲಸಕ್ಕೆ ಬರುತ್ತವೆ.

ಗ್ಯಾರೇಜಿನಿಂದ ಹೊರಡುವ ಮುಂಚೆ ನೋಡಬೇಕಾದ್ದು

1. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುತ್ತದೆ, ಮಂಡಿಗೆ ತಗಲುವುದಿಲ್ಲ.
2. ಹ್ಯಾಂಡಲ್ ತಿರುಗಿಸಿದಾಗ ಇಂಜಿನ್ ಸದ್ದು ಏರುವುದಿಲ್ಲ.
3. ಕ್ಲಾಂಪಿನ ನಾಲ್ಕೂ ಬೋಲ್ಟು ಬಿಗಿಯಾಗಿವೆ. ಹ್ಯಾಂಡಲ್ ಮೇಲೆ ಭಾರ ಬಿಟ್ಟು ಒತ್ತಿದರೂ ಜಾರುವುದಿಲ್ಲ.
4. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಕೆಲಸ ಮಾಡುತ್ತವೆ.
5. ಸೀಟು ಅಲುಗಾಡುವುದಿಲ್ಲ, ಹಿಂದಿನವರಿಗೆ ಹಿಡಿಕೆ ಮತ್ತು ಕಾಲಿಡುವ ಜಾಗ ಮೊದಲಿನಂತೇ ಇದೆ.
6. ಎರಡೂ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುತ್ತದೆ.

ಎಲ್ಲ ಕೆಲಸವನ್ನೂ ಒಂದೇ ದಿನ ಮಾಡಿಸಬೇಕಿಲ್ಲ. ಸೀಟು ಆದಮೇಲೆ ಒಂದು ವಾರ ಓಡಿಸಿ, ಆಮೇಲೆ ಹ್ಯಾಂಡಲ್ ನೋಡಿದರೆ ಯಾವ ಬದಲಾವಣೆಯಿಂದ ಏನಾಯಿತು ಅಂತ ಗೊತ್ತಾಗುತ್ತದೆ. ಒಂದು ವಾರ ಕಳೆದ ಮೇಲೆ ಬಿಚ್ಚಿ ಹಾಕಿದ ಎಲ್ಲ ಬೋಲ್ಟುಗಳಿಗೂ ಇನ್ನೊಮ್ಮೆ ಪಾನಾ ಹಾಕಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಮಂಡಿ ಊದಿಕೊಳ್ಳುತ್ತಿದ್ದರೆ, ಸೊಂಟದ ನೋವು ಕಾಲಿಗೆ ಇಳಿಯುತ್ತಿದ್ದರೆ ಮತ್ತೆ ಮೆಕ್ಯಾನಿಕ್ ಹತ್ತಿರ ಹೋಗುವ ಬದಲು ಡಾಕ್ಟರ್ ಹತ್ತಿರ ಹೋಗಬೇಕು.